ಏರುವಾಗ ಒಂದು, ಇಳಿಯುವಾಗ ಇನ್ನೊಂದು

ನಿಜಾಮರ ಕಾಲದಲ್ಲಿ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನನ್ನ ಬಾಡಿಗೆ ಎತ್ತಿನ ಗಾಡಿಗಳಿದ್ದವು. ಒಂದು ವರ್ಷ ಹೈದರಾಬಾದಿನಿಂದ ಅಳತೆಯ ಸಾಹೇಬರೊಬ್ಬರು ಪೆಟ್ಟಿಗೆಯಂಥ ಯಂತ್ರ ತಂದರು. ಭೂಮಿ ಯಾವ ಊರಲ್ಲಿ ಎಷ್ಟು ಜಗ್ಗುತ್ತದೆಂದು ತೋರಿಸುವ ಯಂತ್ರ. ಒಳಗೆ ಒಂದು ಸ್ಪ್ರಿಂಗು, ಅದಕ್ಕೆ ತೂಗುಬಿಟ್ಟ ಗುಂಡು. ಹಂಗಾಮು ಪೂರ್ತಿ ಅದನ್ನು ಊರೂರಿಗೆ ಒಯ್ಯುವ ಬಾಡಿಗೆ ನನಗೇ ಬೇಕಿತ್ತು. ಕರಾರಿಗೆ ಮುಂಚೆ ಪರೀಕ್ಷೆಗೆಂದು ಕಮಲಾಪುರಕ್ಕೆ ಹೋಗಿಬಂದೆವು.

ಹೊರಡುವಾಗ ಸ್ಟೇಶನ್ನಿನ ಕಲ್ಲಿನ ಮೇಲಿಟ್ಟು ನೋಡಿದ ಅಂಕಿ, ಮರಳಿ ಬಂದು ಅದೇ ಕಲ್ಲಿನ ಮೇಲಿಟ್ಟರೆ ಇಲ್ಲ.

"ನಿನ್ನ ಗಾಡೀನೇ ಕುಲುಕಾಡಿ ಕೆಡಿಸ್ಯದ," ಎಂದರು ಸಾಹೇಬರು.

ಹುಲ್ಲು ಹಾಸಿದೆ, ಗಾದಿ ಹಾಸಿದೆ, ಎತ್ತುಗಳನ್ನು ಮದುವೆ ದಿಬ್ಬಣದಂತೆ ನಡೆಸಿದೆ. ಮತ್ತೆ ಕಮಲಾಪುರ ಮುಟ್ಟಿದಾಗ ಕೆಂಪು ಬಾಳೆಹಣ್ಣು ಮಾರುವವಳು ನಕ್ಕಳು: "ಪೆಟ್ಟಿಗ್ಯಾಗ ಯಾರ ಕೂಸು ಮಲಗ್ಯದೋ ಅಣ್ಣಾ? ಜೋಗುಳ ಹಾಡ್ಲೇನು?"

ಮೈ ಉರಿಯಿತು. ಆದರೂ ಹಣ್ಣು ಕೇಳಿದೆ. ಅವಳು ಸ್ಪ್ರಿಂಗಿನ ತಕ್ಕಡಿಗೆ ಇಡೀ ಗೊನೆ ಸಿಕ್ಕಿಸಿ, ಕೇಳಿದಷ್ಟು ಉಳಿಯುವ ತನಕ ಚಿಪ್ಪು ಕೊಯ್ಯತೊಡಗಿದಳು.

"ಹಂಗಲ್ಲಬೇ, ಒಂದೊಂದೇ ಚಿಪ್ಪು ಏರಿಸಿ ತೂಗು!"

ಇದು ನನ್ನ ಹಳೆಯ ಜಗಳ. ಒಮ್ಮೆ ಜಗ್ಗಿದ ಸ್ಪ್ರಿಂಗು ಭಾರ ಇಳಿಸಿದ ಕೂಡಲೇ ಪೂರ್ತಿ ಮೇಲೇಳುವುದಿಲ್ಲ. ಇದ್ದುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಕೊಳ್ಳುವವನು ಏರುತೂಕವನ್ನೇ ಕೇಳಬೇಕು, ನೆನಪಿಟ್ಟುಕೊಳ್ಳಿ. ಅದನ್ನು ಹೇಳುತ್ತಿದ್ದಂತೆ ನನಗೇ ದಾರಿ ಹೊಳೆಯಿತು.

"ಸಾಹೇಬ್ರ, ತಪ್ಪು ಗಾಡೀದಲ್ರೀ, ಸ್ಪ್ರಿಂಗಿಂದು."

"ಅಷ್ಟು ಗೊತ್ತದ ನನಗ. ಎಲ್ಲಾ ಸ್ಪ್ರಿಂಗಿಗೂ ಆ ಚಾಳಿ ಅದ. ಇದರದು ಭಾಳ ಸಣ್ಣದು."

"ಹಂಗಾದ್ರ ಗಾಡಿ ಬಿಟ್ಟು ನೋಡ್ರೀ. ಕುಂತಲ್ಲೇ ಭಾರ ಏರಸ್ರಿ, ಇಳಸ್ರಿ."

ಮರಳಿ ಬಂದು, ಸಾಹೇಬರು ಸ್ಟೇಶನ್ ಬಳಿಯ ತಮ್ಮ ಬಿಡಾರದಲ್ಲಿ ಪೆಟ್ಟಿಗೆ ಅಲುಗದಂತಿಟ್ಟು, ಚಿಕ್ಕ ಚಿಕ್ಕ ತೂಕ ಏರಿಸಿದರು, ಅವನ್ನೇ ಇಳಿಸಿದರು. ಅದೇ ತೂಕಕ್ಕೆ ಏರುವಾಗ ಒಂದು ಅಂಕಿ, ಇಳಿಯುವಾಗ ದೂರದ ಇನ್ನೊಂದು. ಮತ್ತೆ ಮಾಡಿದರು, ಮತ್ತೆ ಹಾಗೇ. ಕನ್ನಡಕ ತೆಗೆದು ಒರೆಸಿಕೊಂಡರು.

"ಖರೆ ಅದ. ನಿನ್ನ ಗಾಡೀದು ಕಸೂರ್ ಇಲ್ಲ."

"ಹಂಗಾದ್ರ ಕರಾರ್ ಮಾಡೋಣೇನ್ರೀ?"

"ಯಾವ ಕರಾರ್? ಸ್ಪ್ರಿಂಗೇ ಹೋಗ್ಯದ. ವಿಲಾಯತಿಗೆ ಕಳಸಬೇಕು. ಈ ಹಂಗಾಮಿನ ಕೆಲಸ ಖತಂ."

ಮರುದಿನ ಪೆಟ್ಟಿಗೆಯನ್ನು ಬಿಡಾರದಿಂದ ರೈಲಿಗೆ ಒಯ್ದದ್ದೂ ನನ್ನ ಗಾಡಿಯೇ. ಎತ್ತುಗಳ ಮೈ ಬಿಸಿಯಾಗುವ ಮೊದಲೇ ಬಾಡಿಗೆ ಮುಗಿದಿತ್ತು. ವಾದ ಗೆಲ್ಲುವ ಮುಂಚೆ, ಗೆದ್ದರೆ ಗಾಡಿ ಹೊರಡುತ್ತದೋ ಇಲ್ಲವೋ ನೋಡಿಕೊಳ್ಳಿ. ಬಾಯಿ ಮುಚ್ಚಿಕೊಂಡು ಇನ್ನೊಂದು ಗಾದಿ ಹಾಸಿದ್ದರೆ, ಸಾಹೇಬರು ಹಂಗಾಮು ಪೂರ್ತಿ ನನ್ನನ್ನು ಬೈಯುತ್ತ ನನ್ನ ಗಾಡಿಯಲ್ಲೇ ಓಡಾಡುತ್ತಿದ್ದರು.