ಮಂಜಿನಲ್ಲಿ ಎದುರಾದ ಹರಿಗೋಲು

ಎರಡನೇ ಮಹಾಯುದ್ಧಕ್ಕೆ ಮುಂಚಿನ ಒಂದು ಚಳಿಗಾಲ. ಮದರಾಸಿನಲ್ಲಿ ಬಿ.ಎ. ಮುಗಿಸಿ ಕಮಲಾಪುರಕ್ಕೆ ಬಂದಿದ್ದೆ. ಬಾಣಂತನ ಮುಗಿಸಿದ ಶಾಂತಕ್ಕನನ್ನೂ ಅವಳ ಕೂಸನ್ನೂ ಹೊಳೆಯಾಚೆ, ಆನೆಗೊಂದಿಯ ಗಂಡನ ಮನೆಗೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ತಳವಾರಘಟ್ಟಕ್ಕೆ ಹೋದರೆ ಹೊಳೆಯೇ ಕಾಣುತ್ತಿರಲಿಲ್ಲ. ಬರೀ ಮಂಜು.

"ಬಿಸಿಲು ಬರ್ಲಿ ತಡಿ" ಎಂದೆ.

"ಅಲ್ಲೀತನ ನಿಮ್ಮ ಭಾವ್ನೋರು ಆಚಿ ದಂಡಿಗೆ ನಿಂತು ಬೇರು ಬಿಡ್ತಾರ್ರಿ. ಕುಂದ್ರಿ" ಎಂದು ಅಂಬಿಗ ಹನುಮಪ್ಪ ನಕ್ಕ.

ಹರಿಗೋಲು ಹತ್ತಿದೆವು. ಮಂಜಿದ್ದಾಗ ಅಂಬಿಗರಿಗೊಂದು ಕಟ್ಟಳೆಯಿತ್ತು. ಆಗಾಗ ಕೂಗು ಹಾಕಬೇಕು. ಎದುರಿನಿಂದ ಮರುಕೂಗು ಬಂದರೆ, ನಮ್ಮ ದಡದಿಂದ ಹೊರಟವರು ಹುಟ್ಟು ಎತ್ತಿ, ಆಚೆಯವರು ದಾಟುವವರೆಗೆ ಕಾಯಬೇಕು.

ನಡುಹೊಳೆಯಲ್ಲಿ ಹನುಮಪ್ಪ "ಓ ಹೋಯ್" ಎಂದ. ತುಸು ತಡೆದು ಮಂಜಿನೊಳಗಿಂದ "ಓ ಹೋಯ್" ಬಂತು. ಅವನು ಹುಟ್ಟು ಎತ್ತಿದ. ಕಾದೆವು. ಯಾರೂ ಬರಲಿಲ್ಲ. ಮತ್ತೆ ಕೂಗಿದ. ಮರುಕೂಗು ಈಗ ಇನ್ನೂ ಹತ್ತಿರವಿತ್ತು.

"ಯಾವನಲೇ ಅವ, ಜಲ್ದಿ ದಾಟವಲ್ಲ" ಎಂದು ಗೊಣಗಿದ.

ಅಷ್ಟರಲ್ಲಿ ನಮ್ಮ ಕೂಸು ಅತ್ತಿತು. ಮಂಜಿನಾಚೆಯೂ ಒಂದು ಕೂಸು ಅತ್ತಿತು.

"ಪಾಪ, ಅವ್ರ ತಾವನೂ ಕೂಸು ಐತಿ" ಎಂದೆ.

ಅಕ್ಕ ಕೂಸಿಗೆ ಹಾಲೂಡಿಸಿದಳು. ಇದು ಸುಮ್ಮನಾಯಿತು. ಒಂದು ಉಸಿರಿನ ನಂತರ ಅದೂ ಸುಮ್ಮನಾಯಿತು. ಅಕ್ಕ ತಟ್ಟನೆ ಹನುಮಪ್ಪನತ್ತ ತಿರುಗಿದಳು.

"ಅದು ನನ್ನ ಕೂಸಿನ ದನಿ. ಅಲ್ಲಿ ಯಾರೂ ಇಲ್ಲ. ಹನುಮಪ್ಪ, ಹುಟ್ಟು ಹಾಕಪ್ಪ."

ನಾವು ಕಾಯುತ್ತಿದ್ದುದು ನಮ್ಮದೇ ಕೂಗು ದಾಟಿಹೋಗಲಿ ಎಂದು. ಅದು ಬಂಡೆಗೆ ಬಡಿದು ಬರುತ್ತಿತ್ತು. ನಿಂತಿದ್ದೇವೆ ಎಂದುಕೊಂಡಷ್ಟು ಹೊತ್ತೂ ಸೆಳವು ನಮ್ಮನ್ನು ಅತ್ತಲೇ ಒಯ್ಯುತ್ತಿತ್ತು. ಹನುಮಪ್ಪ ಹುಟ್ಟು ಹಾಕುವಷ್ಟರಲ್ಲಿ ಎದುರಿನ ಮಂಜು ಕಪ್ಪಾಯಿತು. ಆ ಕಪ್ಪು ಬಂಡೆಯಾಯಿತು. ಎರಡೂ ಕೈಯಿಂದ ಅದನ್ನು ದೂಡಿದೆ. ಹರಿಗೋಲು ಗಿರಕಿ ಹೊಡೆದು, ಒಂದು ಬದಿಯಿಂದ ನೀರು ಕುಡಿದು, ಮಗುಚದೆ ಬಂಡೆಯಿಂದ ಆಚೆ ಹೊರಳಿಕೊಂಡಿತು. ಅಕ್ಕ ಕೂಸನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದಳು.

ಹೇಗೋ ದಡ ಸೇರಿದೆವು. ಭಾವನ ಗಂಟಲು ಕಟ್ಟಿಹೋಗಿತ್ತು.

"ಅವಾಗಿಂದ ಒದರಾಕತ್ತೀನಿ. ಒಬ್ರರ ಓ ಅನಬಾರ್ದೇನು?"

ನಮಗೆ ಅವರ ದನಿ ಒಮ್ಮೆಯೂ ಕೇಳಿರಲಿಲ್ಲ. ಬಂಡೆಯಿಂದ ಕೂಗು ಮರಳುವುದನ್ನು ನಾನು ಕಾಲೇಜಿನಲ್ಲಿ ಓದಿದ್ದೇನೆ. ಅಷ್ಟು ಹತ್ತಿರ ನಿಂತು ಕರೆಯುತ್ತಿದ್ದ ಮನುಷ್ಯನ ದನಿ ಎತ್ತ ಹೋಯಿತೋ ಇಂದಿಗೂ ತಿಳಿದಿಲ್ಲ. ನೆನೆದಾಗ ಬಂಡೆಗಿಂತ ಅದಕ್ಕೇ ಹೆಚ್ಚು ಹೆದರುತ್ತೇನೆ.

ಈಗಲೂ ಮನೆಯಲ್ಲಿ ಯಾರು ಯಾರನ್ನು ಕರೆದರೂ ನಾನೇ ಓಗೊಡುತ್ತೇನೆ. "ನಿಮ್ಮನ್ನಲ್ರೀ" ಎಂದು ಹೆಂಡತಿ ನಗುತ್ತಾಳೆ. ನಗಲಿ.