ರಸ್ತೆಯ ಆಚೆಗಿದ್ದ ಕೊಟ್ಟಿಗೆ

ಈ ಸಲದ ಸುಗ್ಗಿಯಲ್ಲಿ ಒಂದು ದಿನ ಅರಕಲಗೂಡಿನಿಂದ ಮಲ್ಲಿಪಟ್ಟಣಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಯಾರೋ ಒಕ್ಕಣೆಗೆಂದು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಚಕ್ರಗಳ ಕೆಳಗೆ ಒಣಗಿದ ಕಾಯಿಗಳು ಚಟಚಟನೆ ಒಡೆದವು. ಹೊಟ್ಟಿನ ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. "ರೋಡೇನು ಇವರಪ್ಪನ ಕಣವಾ?" ಎಂದು ಮುಂದಿನ ಸೀಟಿನವರು ಗೊಣಗಿದರು. ಚಾಲಕ ವೇಗ ತಗ್ಗಿಸಿದ. ಬಿಸಿಲೂ ಮಣ್ಣೂ ಬೆರೆತ ಆ ವಾಸನೆ ಮೂಗಿಗೆ ತಾಗಿದೊಡನೆ ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಯಜಮಾನರು ನೆನಪಾದರು...

ಆಗ ನಾನು ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕನಾಗಿದ್ದೆ. ಯಜಮಾನರ ಮನೆ ರಸ್ತೆಯ ಈಚೆಗೆ. ಕೊಟ್ಟಿಗೆ, ಬಾವಿ, ಹುಲ್ಲಿನ ಮೆದೆ ಆಚೆಗೆ. ರಸ್ತೆ ಕಿರಿದಾಗಿದ್ದ ಕಾಲದಲ್ಲಿ ಇದು ಯಾರಿಗೂ ತೊಡಕೆನಿಸಿರಲಿಲ್ಲ. ಅಗಲೀಕರಣವಾದಾಗ ಅವರ ಒಕ್ಕಣೆಯ ಕಣವೂ ಮನೆಯ ಮುಂದಿನ ಅಂಗಳವೂ ಡಾಂಬರಿನಡಿ ಸೇರಿದವು. ಆಮೇಲೆ ದಿನವಿಡೀ ಯಾತ್ರಿಕರ ಬಸ್ಸುಗಳು, ಟಿಪ್ಪರುಗಳು, ಕಾರುಗಳು. ನಡೆಯುವವರಿಗೆಂದು ಅಂಚಿನಲ್ಲಿ ಒಂದು ಗೇಣು ಜಾಗವನ್ನೂ ಬಿಟ್ಟಿರಲಿಲ್ಲ. ಸೈಕಲ್ಲಿನವರು ಹಿಂದಿನಿಂದ ಹಾರನ್ ಕೇಳಿದೊಡನೆ ಮಣ್ಣಿಗಿಳಿದು, ವಾಹನ ಹೋದ ಮೇಲೆ ಮತ್ತೆ ಡಾಂಬರಿಗೆ ಹತ್ತುತ್ತಿದ್ದರು.

ಯಜಮಾನರ ಪತ್ನಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಮಲ್ಲಿಪಟ್ಟಣಕ್ಕೆ ಕೊಟ್ಟಿದ್ದರು. ಮನೆಯಲ್ಲಿದ್ದವರು ಅವರು ಮತ್ತು ಅವರ ಅಕ್ಕ. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಈ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಆಕೆಯೇ. ಊರಿಗೆಲ್ಲ ಅವರು ಅಕ್ಕಯ್ಯ. ಯಾವುದೋ ಜ್ವರದಲ್ಲಿ ಅವರಿಗೆ ಕಿವಿ ಪೂರ್ತಿ ಹೋಗಿತ್ತು. ಬೆಳಗ್ಗೆ, ಸಂಜೆ ಹಾಲು ಕರೆಯುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬೇರೆಯವರು ಕೂತರೆ ಹಸುವೂ ಒದೆಯುತ್ತಿತ್ತು. ಹಾಗಾಗಿ ಕಿವಿ ಕೇಳದ ಆ ಜೀವ ದಿನವೂ ಆ ರಸ್ತೆಯನ್ನು ದಾಟಲೇಬೇಕಾಗಿತ್ತು. ಯಜಮಾನರಿಗಿದ್ದ ಭಯ ಅದೊಂದೇ.

ಕಣ ಹೋದ ವರ್ಷ ಅವರೂ ಎಲ್ಲರಂತೆ ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ, ಅಂಚಿಗೆ ಕಲ್ಲು ಜೋಡಿಸಿದರು. ವಾಹನಗಳು ನಿಧಾನವಾದವು. ಅಕ್ಕಯ್ಯ ನಿರಾತಂಕವಾಗಿ ದಾಟಿದರು.

"ನೋಡುದ್ರಾ ಮೇಷ್ಟ್ರೇ, ಕೈ ಮುಗುದ್ರೂ ನಿಲ್ದೋರು ಉಳ್ಳಿ ಕಂಡ್ರೆ ಎಂಗೆ ಬಗ್ತಾರೆ!" ಎಂದು ಯಜಮಾನರು ನಕ್ಕರು.

ಕಾಳು ಮನೆ ಸೇರಿದರೂ ಹೊಟ್ಟು ರಸ್ತೆಯಲ್ಲಿಯೇ ಉಳಿಯಿತು. ಅದು ಸವೆದಾಗ ಮೇಲೆ ರಾಗಿಹುಲ್ಲು ಬಿತ್ತು. ಬೇಸಗೆಯುದ್ದಕ್ಕೂ ಕೊಟ್ಟಿಗೆಯ ನೇರಕ್ಕೆ ಒಂದು ಹುಲ್ಲಿನ ಪಟ್ಟಿ ಇದ್ದೇ ಇರುತ್ತಿತ್ತು. ಅದು ಸಾರ್ವಜನಿಕ ರಸ್ತೆ, ಹೀಗೆ ಮಾಡಬಾರದು ಎಂದು ನಾನು ತಿಳಿಹೇಳಿದೆ.

"ಒಂದು ಅಂಪ್ ಆಕ್ಸಿಕೊಡಿ ಮೇಷ್ಟ್ರೇ, ಈವತ್ತೇ ಎತ್ತಿಬುಡ್ತೀನಿ."

ಅಲ್ಲೊಂದು ರಸ್ತೆಯುಬ್ಬು ಹಾಕಿಸಿಕೊಡಿ ಎಂದು ನಾನು ಇಲಾಖೆಗೆ ಅರ್ಜಿ ಬರೆದೆ. ವಿಷಯ, ಉಲ್ಲೇಖ, ವಿವರಣೆ, ವಿನಂತಿ ಎಲ್ಲವೂ ಕ್ರಮವಾಗಿದ್ದವು. ಇಂಥ ರಸ್ತೆಗಳಲ್ಲಿ ಉಬ್ಬು ಹಾಕಲು ಅವಕಾಶವಿಲ್ಲ ಎಂಬ ಉತ್ತರ ಬಂತು. ಹಾಗಾದರೆ ದಾಟುವವರು ಏನು ಮಾಡಬೇಕೆಂದು ಮತ್ತೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ...

ಮೊದಲ ಮಳೆಗೆ ಹುಲ್ಲು ನೆನೆದು ಜಾರತೊಡಗಿತು. ಡೈರಿಗೆ ಸೈಕಲ್ಲಿನಲ್ಲಿ ಹಾಲು ಒಯ್ಯುವವನೊಬ್ಬ ಅದರ ಮೇಲೆ ಬಿದ್ದು ಕಾಲು ಮುರಿದುಕೊಂಡ. ಯಜಮಾನರೇ ಓಡಿಹೋಗಿ ಅವನನ್ನೆತ್ತಿದರು. "ನಿಮ್ಮಕ್ಕ ಉಳ್ಕಳ್ಳಿ ಅಂತ ನನ್ ಕಾಲ್ ಮುರುದ್ರಲ್ಲ ಗೌಡ್ರೇ," ಎಂದು ಅವನು ನೋವಿನಲ್ಲಿ ಅಂದದ್ದು ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಸಂಜೆಯೊಳಗೆ ಯಜಮಾನರು ಒಂದು ಕಡ್ಡಿಯೂ ಉಳಿಯದಂತೆ ಹುಲ್ಲನ್ನು ಬಾಚಿ ತೆಗೆದರು. ಹುಲ್ಲು ಹೋಯಿತು, ವೇಗ ಮರಳಿ ಬಂತು.

ಅಂದಿನಿಂದ ಅವರು ಅಕ್ಕನ ಕೈ ಹಿಡಿದು ದಾಟಿಸತೊಡಗಿದರು. ಅಂಗೈ ಅದುಮಿದರೆ ನಿಲ್ಲಬೇಕು, ಸಡಿಲಿಸಿದರೆ ನಡೆಯಬೇಕು. ಅಕ್ಕತಮ್ಮಂದಿರ ನಡುವೆ ಅಷ್ಟೇ ಭಾಷೆ. ಟೀ ಅಂಗಡಿಯ ಮುಂದಿನ ಹುಡುಗರು ಸುಮ್ಮನಿರುತ್ತಿರಲಿಲ್ಲ.

"ಏನ್ ಗೌಡ್ರೇ, ಅಕ್ಕಯ್ಯನ್ನ ಒಂದ್ನೇ ಕ್ಲಾಸಿಗೆ ಸೇರ್ಸಾಕೆ ಒಂಟ್ರಾ?"

"ಊಂ ಕಣ್ರಲಾ, ಈ ಮೇಷ್ಟ್ರು ಫೇಲ್ ಮಾಡ್ದಿದ್ರೆ ಸಾಕು!"

ನಾನೂ ನಗುತ್ತಿದ್ದೆ.

ಒಂದು ಸಂಜೆ ಅಕ್ಕನನ್ನು ದಾಟಿಸಿದ ಯಜಮಾನರು, ಹಿಂಡಿಯ ಬಕೆಟ್ಟು ಮನೆಯಲ್ಲಿಯೇ ಉಳಿದಿದೆಯೆಂದು ಒಬ್ಬರೇ ಹಿಂತಿರುಗಿದರು. ಬಸ್ಸೊಂದನ್ನು ಹಿಂದಿಕ್ಕಿ ಬಂದ ಕಾರು ಅವರನ್ನು ಬಡಿಯಿತು. ಜಗಲಿಯಲ್ಲಿದ್ದ ನಾನು ಓಡಿದೆ. ನಾನು ತಲುಪುವಷ್ಟರಲ್ಲಿ ಉಸಿರಿರಲಿಲ್ಲ.

ಜನ ಸೇರಿದರು, ಕೂಗಾಡಿದರು. ಅತ್ತ ಕೊಟ್ಟಿಗೆಯಲ್ಲಿ ಅಕ್ಕಯ್ಯ ನಮಗೆ ಬೆನ್ನು ಮಾಡಿ ಕೂತಿದ್ದರು. ಕರು ಬಿಟ್ಟು, ಕಟ್ಟಿ, ಹಾಲು ಕರೆಯುತ್ತಿದ್ದರು. ಯಾರಾದರೂ ಹೋಗಿ ಹೇಳಬೇಕಾಗಿತ್ತು. ಹೊರಟವನು ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟೆ. ವಾಹನಗಳು ಗುಂಪಿನ ಬಳಿ ನಿಧಾನಿಸಿ, ಕತ್ತು ಹೊರಳಿಸಿ ನೋಡಿ, ನನ್ನ ಮುಂದೆ ಮತ್ತೆ ವೇಗ ಹೆಚ್ಚಿಸುತ್ತಿದ್ದವು. ಕೈ ಎತ್ತಿದೆ. ತುಂಬಿದ ತರಗತಿಯನ್ನು ಸುಮ್ಮನಾಗಿಸುತ್ತಿದ್ದ ಕೈ ಅದು. ಒಂದು ವಾಹನವೂ ನಿಲ್ಲಲಿಲ್ಲ. ಆಚೆ ಆ ಬೆನ್ನು, ಈಚೆ ನಾನು...

ಕೊನೆಗೆ ಹೇಗೋ ದಾಟಿ ಹೋದಾಗ ಅವರು ತಲೆಯೆತ್ತಿ, "ಇಂಡಿ ತರಾಕೋದೋನು ಇನ್ನೂ ಬರ್ನಿಲ್ಲ ನೋಡಿ ಮೇಷ್ಟ್ರೇ," ಎಂದರು. ಹೇಗೆ ತಿಳಿಸಿದೆನೋ ನೆನಪಿಲ್ಲ. ನೆನಪಾಗುವುದೂ ಬೇಡ.

ಆ ಜಾಗದಲ್ಲಿ ಇಂದಿಗೂ ಉಬ್ಬು ಇಲ್ಲ. ಹಸುವನ್ನು ಮಾರಿದರು. ನಾನೂ ಶಾಲೆ ಬಿಟ್ಟು ಹಾಸನಕ್ಕೆ ಬಂದೆ. ಅಕ್ಕಯ್ಯ ಈಗ ಮಲ್ಲಿಪಟ್ಟಣದಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಈ ಸುಗ್ಗಿಯಲ್ಲಿ ಆ ಬಸ್ಸು ಹತ್ತಿ ನಾನು ಹೊರಟದ್ದು ಅವರನ್ನು ಕಾಣುವುದಕ್ಕೆ. ಒಳಗೇರಿಯ ಮನೆ. ಎದುರಿಗೆ ಒಂದು ಸ್ಕೂಟರೂ ಹಾಯುವುದಿಲ್ಲ. ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೇಳಿದರು:

"ಮೇಷ್ಟ್ರೇ, ನಾನೊಂದ್ಸಲ ತಿರುಗಿ ನೋಡಿದ್ದಿದ್ರೆ ಉಳ್ಕಂತಿದ್ದ, ಅಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ನನ್ನ ಮುಖವನ್ನೇ ನೋಡಿದರು. ಮತ್ತೆ ಅದನ್ನೇ ಕೇಳಿದರು. ಮತ್ತೆ ತಲೆಯಾಡಿಸಿದೆ. ನಾನು ಎದ್ದು ಹೊರಡುವವರೆಗೂ ಅವರು ಕೇಳುತ್ತಲೇ ಇದ್ದರು.