ಅಕ್ಕನಿಗೆ ನಾನು ಹೇಳಿಕೊಟ್ಟ ಮಂತ್ರ

ನಾನು ಚಿಕ್ಕವನಿದ್ದಾಗ ಮಂತ್ರ ಫೋನಿನಲ್ಲಿ ಸಿಗುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಗಂಡುಮಗುವಿಗೆ ಹತ್ತು ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ ಅಪ್ಪನೇ ಅದನ್ನು ಕಿವಿಯಲ್ಲಿ ಹೇಳುತ್ತಿದ್ದರು. ತಲೆಯ ಮೇಲೆ ಹೊಸ ಪಂಚೆ ಮುಚ್ಚಿಕೊಂಡು, ಅದರೊಳಗೆ ಅಪ್ಪ, ಮಗ ಇಬ್ಬರೇ. ಮೂರನೆಯವರ ಕಿವಿಗೆ ಅದು ಬೀಳಬಾರದು. ನನಗೆ ಮಂತ್ರ ಸಿಕ್ಕಿದ ಆ ದಿನದ ಕಥೆಯನ್ನು ನಿಮಗೆ ಹೇಳುತ್ತೇನೆ ಮಕ್ಕಳೇ. ಹೆಮ್ಮೆಯಿಂದೇನೂ ಅಲ್ಲ, ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ನಮ್ಮ ಮನೆ ಸಿಂಗಾನಲ್ಲೂರು ಕೆರೆಯ ಹತ್ತಿರ, ನೇಕಾರರ ಬೀದಿಯಲ್ಲಿತ್ತು. ಹೊರಗೆಲ್ಲ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ನಮ್ಮ ಕನ್ನಡ. ಮನೆಯ ಮುಕ್ಕಾಲು ಪಾಲು ಮಗ್ಗವೇ ತುಂಬಿತ್ತು. ಉಳಿದ ಜಾಗದಲ್ಲಿ ಅಪ್ಪ, ಅಕ್ಕ, ನಾನು. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಹದಿಮೂರು ವರ್ಷದ ಅಕ್ಕ ಶಾಲೆ ಬಿಟ್ಟು ಅಡುಗೆ ಮಾಡುತ್ತಿದ್ದಳು, ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು, ಮಗ್ಗದಲ್ಲಿ ಎಳೆ ಹರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದಳು. ಯಾವ ಕೆಲಸದಲ್ಲೂ ನಾನು ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಅಮ್ಮ ಹೋದಮೇಲೆ ಅವಳಿಗೊಂದು ಭಯ ಹಿಡಿದುಕೊಂಡಿತ್ತು. ಪೇಟೆಗೆ ಹೋದ ಅಪ್ಪ ಬರುವುದು ಸ್ವಲ್ಪ ತಡವಾದರೂ ಸಾಕು, ಅವಳ ಕೈ ನಡುಗಿ ಎಳೆ ಬೆರಳಿಗೆ ಸಿಗುತ್ತಿರಲಿಲ್ಲ. ಹತ್ತು ಸಲ ಬಾಗಿಲಿಗೆ ಹೋಗಿ ಬರುತ್ತಿದ್ದಳು.

ಆ ದಿನ ಬೆಳಕು ಹರಿಯುವ ಮೊದಲೇ ನನಗೆ ತಣ್ಣೀರು ಸ್ನಾನವಾಯಿತು. ಪಂಚೆಯೊಳಗೆ ಗಂಜಿಯ ವಾಸನೆ, ಅಪ್ಪನ ಹಣೆಯ ವಿಭೂತಿಯ ವಾಸನೆ. ಅಪ್ಪ ಮೂರು ಸಲ ಹೇಳಿದರು. ಅವರ ಉಸಿರು ಕಿವಿಗೆ ಕಚಗುಳಿಯಿಟ್ಟು ನಗು ಬಂತು, ತುಟಿ ಕಚ್ಚಿಕೊಂಡೆ. "ಯಾರ್ಗೂ ಹೇಳ್ಬಾರ್ದು ಕಣ್ಣು. ಹೇಳ್ದ್ರೆ ಅದ್ರ ಶಕ್ತಿ ಹೋಯ್ತದೆ," ಎಂದರು. ಮುದ್ದಿಗೆ ಅವರು ನಮ್ಮಿಬ್ಬರನ್ನೂ ಕಣ್ಣು ಎಂದೇ ಕರೆಯುತ್ತಿದ್ದರು. ಆಮೇಲೆ ಕೈಗೆ ಜಪಮಾಲೆ ಕೊಟ್ಟು, ನೂರೆಂಟು ಸಲ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಮನಸ್ಸು ಎಲ್ಲಿಗಾದರೂ ಓಡಿಹೋದರೆ ಬೈಯದೆ ವಾಪಸ್ ಕರೆದುಕೊಂಡು ಬರಬೇಕು ಎಂದು ಹೇಳಿ ಕೂರಿಸಿದರು.

ಅದು ಓಡಿದ್ದು ಒಂದು ಕಡೆಗೇ? ಹತ್ತು ಮಣಿ ದಾಟುವುದರೊಳಗೆ ಕಾಲು ಜೋಮು ಹಿಡಿಯಿತು. ಇಪ್ಪತ್ತಕ್ಕೆ ಒಲೆಯ ಕಡೆಯಿಂದ ಬೆಲ್ಲ, ಏಲಕ್ಕಿಯ ಪರಿಮಳ ಬಂತು. ಅಕ್ಕ ಒಪ್ಪುಟ್ಟು ತಟ್ಟುತ್ತಿದ್ದಳು. ಒಬ್ಬಟ್ಟಿಗೆ ನಮ್ಮ ಕಡೆ ಹಾಗೇ ಹೇಳುವುದು. ಅಷ್ಟರಲ್ಲಿ ಮಿಲ್ಲಿನ ಸೈರನ್ ಕೂಗಿತು. ಮನಸ್ಸು ಮಿಲ್ಲಿಗೆ ಹೋಗಿ, ಅಲ್ಲಿಂದ ಕೆರೆಗೆ ಹಾರಿ, ಮೀನು ಹಿಡಿಯುತ್ತಾ ಕುಳಿತುಬಿಟ್ಟಿತು. ಉಳಿದ ಮಣಿಗಳನ್ನು ನಾಲ್ಕು ನಾಲ್ಕಾಗಿ ಜಾರಿಸಿ ಮುಗಿಸಿದೆ. "ಆಯ್ತಾ?" ಎಂದರು ಅಪ್ಪ. "ಆಯ್ತಪ್ಪಾ," ಎಂದೆ. ಆ ದಿನದ ಮೊದಲನೆಯ ಸುಳ್ಳು ಅದು.

ಊಟಕ್ಕೆ ಕೂತಾಗ ಅಕ್ಕ ಅಪ್ಪನನ್ನು ಕೇಳಿದಳು. "ಅಪ್ಪಾ, ನನ್ಗೂ ಹೇಳ್ಕೊಡಿ. ಎದೆ ಡಬಡಬ ಅಂತದೆ. ಅದು ಹೇಳ್ಕೊಂಡ್ರೆ ನಿಲ್ತದಲ್ಲ?" ಅಪ್ಪ ಅವಳ ಮುಖ ನೋಡಲಿಲ್ಲ. "ಹೆಣ್ಮಕ್ಳಿಗೆ ಆ ವಾಡಿಕೆ ಇಲ್ಲ ಕಣ್ಣು," ಎಂದು ಕೈ ತೊಳೆದುಕೊಂಡು, ನೆಯ್ದ ಸೀರೆಗಳ ಗಂಟು ಹೊತ್ತು ಪೇಟೆಗೆ ಹೊರಟರು.

ಅವರು ಬೀದಿ ತಿರುಗಿದ ಕೂಡಲೇ ಅಕ್ಕ ತನ್ನ ಪಾಲಿನ ಎರಡು ಒಪ್ಪುಟ್ಟನ್ನು ತಟ್ಟೆಯಲ್ಲಿಟ್ಟು ತಂದಳು. "ತಂಬಿ, ಇದೂ ನೀನೇ ತಿನ್ನು. ಆ ಮಂತ್ರ ಒಂದೇ ಒಂದ್ಸಲ ಹೇಳ್ಡಾ," ಎಂದಳು. ಮೊದಲು ತಿಂದೆ. ತುಪ್ಪ ಮೊಣಕೈಯವರೆಗೆ ಇಳಿಯುವಂತೆ ತಿಂದೆ. ಹೇಳಿದರೆ ಶಕ್ತಿ ಹೋದೀತೆಂಬ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದು ನನ್ನ ಜಂಬ. ಅಕ್ಕನ ಹತ್ತಿರ ಇಲ್ಲದ್ದು ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನೂ ಕೊಟ್ಟುಬಿಡಲು ಮನಸ್ಸಾಗಲಿಲ್ಲ. ಅವಳ ದಾವಣಿಯನ್ನೇ ಇಬ್ಬರ ತಲೆಯ ಮೇಲೆ ಎಳೆದುಕೊಂಡು, ಅಪ್ಪ ಮಾಡಿದಂತೆಯೇ ಮೂರು ಸಲ, ಬಾಯಿಗೆ ಬಂದದ್ದೇನೋ ಒಂದನ್ನು ಅವಳ ಕಿವಿಯಲ್ಲಿ ಊದಿದೆ.

"ಸತ್ಯವಾಗ್ಲೂ ಇದೇನಾ?"

"ಸಾಮಿ ಸತ್ಯ. ಯಾರ್ಗೂ ಹೇಳ್ಬಾರ್ದು."

"ಹೇಳಲ್ಲ ತಂಬಿ. ಸಾಯೋವರ್ಗೂ ಹೇಳಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಮಧ್ಯಾಹ್ನವೆಲ್ಲ ಅಕ್ಕ ಮಗ್ಗದ ಕೆಳಗೆ ಬಿದ್ದಿದ್ದ ತುಂಡು ನೂಲುಗಳನ್ನು ಆಯ್ದು ಒಂದಕ್ಕೊಂದು ಸೇರಿಸಿ ಗಂಟು ಹಾಕಿದಳು. ನೂರೆಂಟು ಗಂಟು. ದೀಪ ಹಚ್ಚುವ ಹೊತ್ತಿಗೆ ಅದನ್ನು ಹಿಡಿದು ಗೋಡೆಗೆ ಬೆನ್ನು ಕೊಡದೆ ಕುಳಿತಳು. ಆ ದಿನ ಅಪ್ಪ ಎಂದಿಗಿಂತ ತಡ ಮಾಡಿದರು. ಬಾಗಿಲಿಗೆ ಹೋಗಿ ಹೋಗಿ ಬಂದವನು ನಾನು. ಅಕ್ಕ ಏಳಲಿಲ್ಲ. ಗಂಟಿನಿಂದ ಗಂಟಿಗೆ ಬೆರಳು ಹೋಗುತ್ತಿತ್ತು, ನಡುಗುತ್ತಿರಲಿಲ್ಲ. ಅಪ್ಪನ ಚಪ್ಪಲಿ ಸದ್ದು ಕೇಳಿದ ಮೇಲೆ ನಿಧಾನವಾಗಿ ಎದ್ದು ಅನ್ನ ಬಡಿಸಿದಳು. ನಾನು ಮಾತ್ರ ತಟ್ಟೆ ಸರಿಸಿ ಎದ್ದುಬಿಟ್ಟೆ.

ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ತಿಂಗಳೊಳಗೆ ನನ್ನ ಜಪಮಾಲೆ ಮೊಳೆಗೆ ನೇತುಬಿದ್ದು ಧೂಳು ಹಿಡಿಯಿತು. ಅಕ್ಕ ಮದುವೆಯಾಗಿ ಉಡುಮಲೈಪೇಟೆಗೆ ಹೋದಾಗ ನೂಲಿನ ಗಂಟುಗಳನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋದಳು. ಒಂದು ದಿನವೂ ಜಪ ತಪ್ಪಿಸಲಿಲ್ಲ. ನಾನು ಅವಳ ಮನೆಗೆ ಹೋದಾಗಲೆಲ್ಲ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಅವಳು ತಟ್ಟೆಯಲ್ಲಿ ಒಪ್ಪುಟ್ಟು ತಂದಿಡುತ್ತಿದ್ದಳು, ನಾನು ಬಾಯಿ ಮುಚ್ಚುತ್ತಿದ್ದೆ.

ಹೋದ ತಿಂಗಳು ನಿಮ್ಮನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದು ಅದನ್ನು ಹೇಳಿಬಿಡಲೆಂದೇ. ನಿಮ್ಮ ಉಡುಮಲೈ ಅಜ್ಜಿಗೆ, ಅದೇ ನನ್ನ ಅಕ್ಕನಿಗೆ, ಈಗ ಯಾರ ಗುರುತೂ ಸಿಗುವುದಿಲ್ಲ ಎಂದು ನೀವೇ ನೋಡಿದಿರಲ್ಲ. ನೀವು ತೆಂಗಿನ ತೋಟದಲ್ಲಿ ಆಡುತ್ತಿದ್ದಾಗ ನಾನು ಅವಳ ಪಕ್ಕ ಕುಳಿತಿದ್ದೆ. ಕೈಯಲ್ಲಿ ಗಂಟಿನ ನೂಲು, ತುಟಿಯಲ್ಲಿ ನಾನು ಕೊಟ್ಟ ಅದೇ ಸುಳ್ಳು.

"ಯಾರ್ ಸಾಮಿ ನೀವು?" ಎಂದಳು.

"ನಾನು ಅಕ್ಕಾ, ನಿನ್ ತಂಬಿ."

ಅವಳು ನಕ್ಕಳು. "ನನ್ ತಂಬಿ ಚಿಕ್ಕವ್ನು. ಒಪ್ಪುಟ್ಟು ಅಂದ್ರೆ ಪ್ರಾಣ ಅವ್ನಿಗೆ. ಅವ್ನೇ ನನ್ಗೆ ಮಂತ್ರ ಕೊಟ್ಟಿದ್ದು." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಪ್ಪಂಗೆ ಹೇಳ್ಬೇಡಿ. ಪಾಪ, ಅವ್ನಿಗೆ ಏಟು ಬೀಳ್ತದೆ."

ತಪ್ಪಾಯಿತು ಎಂದೆ. ಯಾರಿಗೆ ಹೇಳಿದೆನೋ, ಯಾರು ಕೇಳಿದರೋ ಗೊತ್ತಿಲ್ಲ.

ಈಗ ತುಡಿಯಲೂರಿನ ನಮ್ಮ ಮನೆಯಲ್ಲಿ ನೀವು ಬಣ್ಣದ ಚಾಪೆ ಹಾಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಧ್ಯಾನ ಕಲಿಯಲು ಶುರುಮಾಡಿದ್ದೀರಿ. ಅಪ್ಪ ಪಂಚೆಯೊಳಗೆ ಮುಚ್ಚಿಟ್ಟು ಕೊಟ್ಟ ಮಂತ್ರವನ್ನೇ ಅದರಲ್ಲಿ ಯಾರೋ ಹೆಂಗಸು ರಾಗವಾಗಿ ಹೇಳುತ್ತಾರೆ. ಎಣಿಸುವುದೂ ಫೋನೇ, ಮುಗಿದಾಗ ಗಂಟೆ ಬಾರಿಸುವುದೂ ಅದೇ. ಅಣ್ಣನಿಗೂ ಅದೇ, ತಂಗಿಗೂ ಅದೇ. ಯಾರೂ ತಮ್ಮ ಪಾಲಿನ ಒಪ್ಪುಟ್ಟು ಕೊಟ್ಟು ಬೇಡಬೇಕಾಗಿಲ್ಲ. ನೋಡಿ ಸಂತೋಷವಾಗುತ್ತದೆ. ನಮ್ಮ ಅಕ್ಕನಿಗೆ ಇದು ಇರಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯುತ್ತದೆ.

ನಿನ್ನೆ ನೀವು, "ತಾತಾ, ನಿಮ್ಮ ಮಂತ್ರ ಯಾವುದು?" ಎಂದು ಕೇಳಿದಿರಿ. ಕೇಳಿದ ಕೂಡಲೇ ಸರಿಯಾದದ್ದನ್ನೇ ಹೇಳಿಬಿಟ್ಟೆ. ಆದರೆ ಅಕ್ಕನಿಗೆ ಕೊಟ್ಟದ್ದು ಯಾವುದೆಂದು ಮಾತ್ರ ಕೇಳಬೇಡಿ. ಎಪ್ಪತ್ತು ವರ್ಷ ಅದನ್ನು ಹೇಳಿಕೊಂಡವಳು ಅವಳು, ಈಗ ಅದು ಅವಳದೇ. ಬೇಕಿದ್ದರೆ ಉಡುಮಲೈ ಅಜ್ಜಿಯನ್ನೇ ಕೇಳಿ ನೋಡಿ. ಅವಳು ಹೇಳುವುದಿಲ್ಲ. ತಂಬಿಗೆ ಮಾತು ಕೊಟ್ಟಿದ್ದಾಳೆ.